ಹೊಸ್ತಿಲ ಪಕ್ಕದ ನೂಲು

“ಅಜ್ಜಾರ, ಯಾರನ್ನ ಬಿಡಸ್ಲಿ? ನೀವ ಹೇಳಿಬಿಡ್ರಿ!”

ಮಠದ ದಾಸೋಹದ ಉಸ್ತುವಾರಿ ನೋಡುವ ಶಿಷ್ಯ ಮಡಿವಾಳಯ್ಯ ಓಡಿಬಂದು ಗುರುಗಳನ್ನು ಕೇಳಿದ. ಕೆಲವು ದಿನಗಳಿಂದ ಪಂಕ್ತಿಯಲ್ಲಿ ಕೂತ ಭಕ್ತರು ಊಟವನ್ನು ಎಲೆಯಲ್ಲೇ ಬಿಟ್ಟು ಏಳುತ್ತಿದ್ದರು. ಅಡುಗೆಯವನು ತನ್ನ ಸಾರು ಚೆನ್ನಾಗಿದೆ ಎನ್ನುತ್ತಿದ್ದ. ಬಡಿಸುವವನು ಕೊಟ್ಟದ್ದನ್ನೇ ಬಡಿಸಿದೆ ಎನ್ನುತ್ತಿದ್ದ. ಮಡಿವಾಳಯ್ಯನ ಊಟದ ತಟ್ಟೆ ಒಳಗಿನ ಕೋಣೆಗೇ ಬರುತ್ತಿತ್ತು. ಅಲ್ಲಿಗೇ ಇಬ್ಬರನ್ನೂ ಕರೆಸಿ ಕೇಳಿ ಕೇಳಿ ಅವನಿಗೆ ತಲೆ ಕೆಟ್ಟುಹೋಗಿತ್ತು. ಸಂಜೆಯೊಳಗೆ ಒಬ್ಬನನ್ನು ಮನೆಗೆ ಕಳಿಸುವುದೆಂದು ತೀರ್ಮಾನಿಸಿದ್ದ. ಯಾರನ್ನು ಎಂಬುದೊಂದೇ ಬಾಕಿ.

ಕತೆ ಹೇಳುವ ಹುರುಪು ಬಂದರೆ ಗುರುಗಳು ಕೂತಲ್ಲಿ ಕೂರಲಾರರು. ಶಿಷ್ಯನನ್ನು ಕೂರಿಸಿ, ತಾವು ಓಡಾಡುತ್ತ ಹೇಳಿದರು.

ಒಬ್ಬ ಸೀರೆ ಸಾಹುಕಾರನಿದ್ದ. ಅವನಲ್ಲಿ ನೂಲಿಗೆ ಬಣ್ಣ ಹಾಕುವವನೊಬ್ಬ, ಆ ನೂಲನ್ನು ಉದ್ದುದ್ದಕ್ಕೆ ಎಳೆದು ಮಗ್ಗಕ್ಕೆ ಹಾಸು ಮಾಡುವವನೊಬ್ಬ, ಅದನ್ನು ಏರಿಸಿ ನೇಯುವವನೊಬ್ಬ. ಮೂವರೂ ಪಳಗಿದವರು. ಹಾಗಿದ್ದೂ ಸೀರೆ ಕೆಡತೊಡಗಿತು. ಮಗ್ಗದ ಮೇಲೆ ನೆಟ್ಟಗಿರುತ್ತಿದ್ದ ಅಂಚು, ಇಳಿಸಿದ ಮೇಲೆ ಸುಕ್ಕುಗಟ್ಟುತ್ತಿತ್ತು.

ಸಾಹುಕಾರ ಒಬ್ಬೊಬ್ಬರನ್ನೇ ಕರೆಸಿ ಜಾಡಿಸಿದ. ನೇಕಾರ ಮಗ್ಗ ತೋರಿಸಿದ, ಸರಿಯಿತ್ತು. ಹಾಸಿನವನು ಎಳೆ ತೋರಿಸಿದ, ಸರಿಯಿತ್ತು. ಬಣ್ಣದವನ ಬಣ್ಣವೂ ಸರಿಯೇ ಇತ್ತು. ಎಲ್ಲರೂ ಸರಿಯಿದ್ದರೆ ಸೀರೆಗೇನು ಧಾಡಿ? ಸಾಹುಕಾರ ರೇಗಿಹೋದ. ಅಂಚಿನ ಕೆಂಪು ನೂಲು ಬಣ್ಣದವನದು, ತಪ್ಪೂ ಅವನದೇ, ನಾಳೆಯಿಂದ ಬರಬೇಡ ಎಂದುಬಿಟ್ಟ. ಬಣ್ಣದವನ ಕೈ ಮೊಣಕೈವರೆಗೆ ಕೆಂಪಾಗಿತ್ತು. ಆ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಅವನು ತನ್ನ ಕೊನೆಯ ನೂಲಿನ ಲಡಿ ಹಿಡಿದು ಬಾಗಿಲಿಗೆ ಬಂದ. ಸಾಹುಕಾರ ಒಳಗಿನಿಂದ ಕೈ ಚಾಚಿದ.

“ತಾ ಇಲ್ಲೆ.”

“ಹೊಸ್ತಿಲ ಮ್ಯಾಲೆ ಕೊಡಬಾರದ್ರಿ, ಸಾವ್ಕಾರ್ರ. ನಾ ಹೊಂಟ್ರೂ ನಿಮ್ಮ ಮನಿ ಚಲೋ ಇರ್ಲಿ.”

ಹೀಗೆಂದು ಅವನು ಲಡಿಯನ್ನು ಹೊಸ್ತಿಲ ಪಕ್ಕದ ಕಲ್ಲಿನ ಮೇಲಿಟ್ಟ. ದಿನವೂ ಹಾಗೇ ಇಡುತ್ತಿದ್ದ. ಬೆಳಗಿನಿಂದ ಇಟ್ಟಿದ್ದ ನೂಲೂ ಅಲ್ಲೇ ಬಿಸಿಲಲ್ಲಿ ರಾಶಿ ಬಿದ್ದಿತ್ತು. ಸಾಹುಕಾರ ಸಿಟ್ಟಿನಿಂದ ಆ ರಾಶಿಯನ್ನು ಬಾಚಿಕೊಂಡ. ಅವನು ನೂಲು ಮುಟ್ಟಿ ಎಷ್ಟು ಕಾಲವಾಗಿತ್ತೋ! ಮೇಲಿದ್ದ ಕಪ್ಪು ನೂಲು ಒಣಗಿ ಗರಿಗರಿ. ಅಡಿಯಲ್ಲಿದ್ದ ಕೆಂಪು ನೂಲಿನ ಒಳಗೆ ಕೈ ತೂರಿದರೆ ಇನ್ನೂ ತೇವ!

“ಸಿಕ್ತೋ! ಸಿಕ್ತು!” ಎಂದು ಕೂಗುತ್ತ ಸಾಹುಕಾರ ಓಡಿದ. ಹಾಸಿನವನ ಕೆನ್ನೆಗೆ ನೂಲು ಒತ್ತಿದ, ನೇಕಾರನ ಕೆನ್ನೆಗೆ ಒತ್ತಿದ. ಅವರು ಸಾಹುಕಾರನಿಗೆ ಬುದ್ಧಿ ಕೆಟ್ಟಿತೆಂದುಕೊಂಡರು. ತೇವದ ನೂಲು ಎಳೆದರೆ ಹಿಗ್ಗುತ್ತದೆ, ಒಣಗಿದ ಮೇಲೆ ಕುಗ್ಗುತ್ತದೆ. ಸೀರೆಯ ಒಡಲಿನ ಕಪ್ಪು ನೂಲು ಇದ್ದಂತೆ ಇದ್ದು ಅಂಚಿನ ಕೆಂಪು ಮಾತ್ರ ಕುಗ್ಗಿದರೆ ಅಂಚು ಸುಕ್ಕಾಗದೆ ಇನ್ನೇನಾದೀತು?

ಹಾಗಾದರೆ ಮೊದಲೇಕೆ ಆಗಿರಲಿಲ್ಲ? ಮೊದಲು ಅಲ್ಲಿ ಗೋಡೆಯೇ ಇರಲಿಲ್ಲ. ಬಣ್ಣದವನು ನೂಲನ್ನು ಹಾಸಿನವನ ಕೈಗೇ ಕೊಡುತ್ತಿದ್ದ. ಹಾಸಿನವನು ತೆಗೆದುಕೊಳ್ಳುವಾಗ ಸುಮ್ಮನೆ ಒಮ್ಮೆ ಹಿಚುಕುತ್ತಿದ್ದ. ಹಸಿ ಎನಿಸಿದರೆ ಹಿಂದಕ್ಕೆ ಕೊಡುತ್ತಿದ್ದ. ತಾನು ಹಿಚುಕುತ್ತೇನೆಂಬುದು ಅವನಿಗೂ ಗೊತ್ತಿರಲಿಲ್ಲ. ಬಣ್ಣದ ವಾಸನೆ ತಾಳದೆ ಸಾಹುಕಾರನೇ ನಡುವೆ ಗೋಡೆ ಕಟ್ಟಿಸಿ ಬಾಗಿಲಿಡಿಸಿದ. ಬಾಗಿಲು ಬಂದಮೇಲೆ ಹೊಸ್ತಿಲು ಬಂತು. ಹೊಸ್ತಿಲ ಮೇಲೆ ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ರಾಶಿ ಬಿದ್ದ ನೂಲನ್ನು ಹಾಸಿನವನು ಮೇಲೆ ಮಾತ್ರ ಮುಟ್ಟಿ, ಒಣಗಿದೆ ಎಂದು ಬುಟ್ಟಿಗೆ ಸುರಿದುಕೊಂಡು ಹೋಗುತ್ತಿದ್ದ.

ಸಾಹುಕಾರ ಆಗಲೇ ಹಾರೆ ತರಿಸಿ ತನ್ನ ಕೈಯಾರೆ ಹೊಸ್ತಿಲು ಕಿತ್ತ. ಬಣ್ಣದವನ ಕೆಂಪು ಕೈ ಹಿಡಿದು ಒಳಗೆ ಕರೆತಂದ. ಸಾಹುಕಾರನ ಕಣ್ಣಲ್ಲಿ ನೀರು ಬಂದಿತ್ತು.

ಕತೆ ಮುಗಿಯುವುದೇ ತಡ, ಮಡಿವಾಳಯ್ಯ ಹಾರಿ ಎದ್ದ. “ತಿಳೀತ್ರಿ ಅಜ್ಜಾರ! ಯಾರನ್ನೂ ಬಿಡಸೂದಿಲ್ಲ. ಈಗ ಹೋಗಿ ಇಬ್ಬರನ್ನೂ ಕರಸ್ತೀನಿ, ಯಾವ ಹೊಸ್ತಿಲದಾಗ ಕೆಡತೈತಿ ಅಂತ ಕೇಳತೀನಿ!”

ಗುರುಗಳು ಓಡಾಡುವುದನ್ನು ನಿಲ್ಲಿಸಿದರು.

“ಮಡಿವಾಳಯ್ಯಾ, ಆ ಪಂಕ್ತಿಯೊಳಗ ನೀ ಕುಂತು ಉಂಡದ್ದು ಯಾವಾಗ?”