ಇಂಜಿನ್ನಿನ ನಿರ್ಮಾಲ್ಯ

ಹಿರಿಯೂರಿನ ಮೆಕ್ಯಾನಿಕ್ ದಸ್ತಗೀರನ ಗ್ಯಾರೇಜಿಗೆ, ಅವನಿಗೆ ಒಂದು ಕಾಲಕ್ಕೆ ಮಗ್ಗಿ ಕಲಿಸಿದ್ದ ಶೇಷಗಿರಿ ಮೇಷ್ಟ್ರು ಕಾರು ತಂದರು. ಡ್ಯಾಶ್‌ಬೋರ್ಡಿನ ಇಂಜಿನ್ ದೀಪ ಆರುತ್ತಿಲ್ಲ, ಕಾರು ಏದುಸಿರು ಬಿಡುತ್ತಿದೆ.

ದಸ್ತಗೀರ ಸ್ಕ್ಯಾನರ್ ಸಿಕ್ಕಿಸಿದ. ಇಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಸೆನ್ಸರಿನ ದೋಷದ ಕೋಡ್ ಬಂತು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆಲ್ಲ ಕುಂಕುಮ!

"ಆಯುಧಪೂಜೆ ದಿನ ನಾನೇ ಹಾಕಿದ್ದು. ಅದನ್ನ ಮುಟ್ಟಕೂಡದು. ದೀಪ ಮಾತ್ರ ಆರಿಸು!" ಮೇಷ್ಟ್ರು ಗುಡುಗಿದರು.

ದಸ್ತಗೀರ ತಲೆ ಕೆರೆದುಕೊಂಡ. ಮೇಷ್ಟ್ರ ತಪ್ಪು ತೋರಿಸಿದವರು ದಿನವಿಡೀ ಬೆಂಚಿನ ಮೇಲೆ ನಿಲ್ಲುತ್ತಿದ್ದದ್ದು ಅವನಿಗಿನ್ನೂ ನೆನಪಿತ್ತು.

"ಮೇಷ್ಟ್ರೇ, ಬೆಳಿಗ್ಗೆ ದೇವರ ಕೋಣೆಗೆ ಹೋದರೆ ಮೊದಲು ಏನು ಮಾಡ್ತೀರಿ?"

"ಹಿಂದಿನ ದಿನದ ಹೂವು, ನಿರ್ಮಾಲ್ಯ ತೆಗೀತೀನಿ. ಅಷ್ಟೂ ಗೊತ್ತಿಲ್ವೇನೋ?"

"ಗೊತ್ತು ಮೇಷ್ಟ್ರೇ. ಇಲ್ಲಿ ಒಂದು ತಿಂಗಳಿಂದ ತೆಗೆದೇ ಇಲ್ಲ."

ಮೇಷ್ಟ್ರು ಚಪ್ಪಲಿ ಬಿಟ್ಟು, ಅಂಗಿ ತೋಳು ಮಡಚಿ, ಒರೆಸುವ ಬಟ್ಟೆಗೆ ಕೈ ಚಾಚಿದರು. ಅವರು ಡಬ್ಬಿ ಒರೆಸಿದರು, ದಸ್ತಗೀರ ಸೆನ್ಸರ್ ತೊಳೆದು ಕೋಡ್ ಅಳಿಸಿದ. ದೀಪ ಆರಿತು.

ಹೊರಡುವಾಗ ಮೇಷ್ಟ್ರು ಮೆತ್ತಗೆ ಕೇಳಿದರು, "ಬರೋ ವರ್ಷ ಕುಂಕುಮ ಎಲ್ಲಿ ಇಡಲೋ?"

"ಡಿಕ್ಕಿಯೊಳಗಿನ ಸ್ಟೆಪ್ನಿಗೆ ಇಡಿ ಮೇಷ್ಟ್ರೇ. ಆ ದೇವರು ಗುಡಿ ಬಿಟ್ಟು ಹೊರಗೆ ಬರದಿದ್ದರೇ ನಮಗೆ ಕ್ಷೇಮ."