ಕೆಳಗಿನ ಬೀದಿಯಲ್ಲಿ ಏನು ತಿನ್ನಬೇಕು?

ಚೀನಾ ದೇಶದಲ್ಲಿ ಒಂದು ಬೆಟ್ಟ. ಬೆಟ್ಟದ ಮೇಲೆ ಸನ್ಯಾಸಿನಿಯರ ಮಠ. ಕೆಳಗೆ ನದಿ, ನದಿಯ ದಡದಲ್ಲಿ ತಿಂಡಿಯ ಬೀದಿ.

ದೂರದಿಂದ ಬಂದ ಯಾತ್ರಿಕರು ಮೊದಲು ಮಠಕ್ಕೆ ಹತ್ತುತ್ತಿದ್ದರು. ಬುದ್ಧನ ಮುಂದೆ ಕೈಮುಗಿದು ಕಣ್ಣು ಮುಚ್ಚುತ್ತಿದ್ದರು. ಕಣ್ಣು ತೆರೆದ ಕೂಡಲೇ ಕೇಳುತ್ತಿದ್ದರು, “ಕೆಳಗಿನ ಬೀದಿಯಲ್ಲಿ ಏನು ತಿನ್ನಬೇಕು?”

ಅದನ್ನು ಹೇಳುವ ಕೆಲಸವನ್ನು ಮಠದ ಹಿರಿಯ ಸನ್ಯಾಸಿನಿಯಾದ ಗುರುಗಳು ಯೂಲಾನ್ ಎಂಬ ಹೊಸ ಶಿಷ್ಯೆಗೆ ಒಪ್ಪಿಸಿದ್ದರು. ಅವಳು ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ. ಬಾಗಿಲಲ್ಲಿ ಕೂತು ಬಂದವರಿಗೆ ಚಹಾ ಕೊಡುವುದು, ಬೀದಿಯ ದಾರಿ ಹೇಳುವುದು ಅವಳ ಪಾಲಿನ ಸೇವೆ.

ಮಠಕ್ಕೊಂದು ಕಟ್ಟಳೆ ಇತ್ತು. ದೀಕ್ಷೆ ಆಗುವವರೆಗೆ ಶಿಷ್ಯೆ ತಾನಾಗಿ ಬೆಟ್ಟ ಇಳಿಯಬಾರದು, ಮನೆಯವರೊಡನೆ ಮಾತಾಡಬಾರದು. ಮಾತಾಡಿದರೆ ಗಂಟು ಕಟ್ಟಿಕೊಂಡು ಮನೆಗೇ ಹೋಗಬೇಕು.

ಯೂಲಾನ್‌ಗೆ ದೀಕ್ಷೆ ಬೇಕಿತ್ತು. ತಾಯಿಯೂ ಬೇಕಿದ್ದಳು.

ತಾಯಿ ಬೀದಿಯ ಕೊನೆಯಲ್ಲಿ ದೋಹ್ವಾ ಮಾರುತ್ತಿದ್ದಳು. ನೆನೆಸಿದ ಸೋಯಾ ಕಾಳನ್ನು ಬೀಸಿ ಹಾಲು ತೆಗೆದು ಹೆಪ್ಪುಗಟ್ಟಿಸಿದರೆ ಅದು ಗಿಣ್ಣಿನಂತೆ ನಡುಗುತ್ತದೆ. ಅದನ್ನು ಚಪ್ಪಟೆ ಸೌಟಿನಿಂದ ತೆಳ್ಳಗೆ ಹೆರೆದು ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಶುಂಠಿ ಬೆಲ್ಲದ ಪಾಕ ಸುರಿದು ಕೊಡುತ್ತಾರೆ. ಮಗಳು ಮಠಕ್ಕೆ ಹೊರಟ ದಿನ ಆಕೆ ಬೀಸುಕಲ್ಲಿನಿಂದ ತಲೆಯೆತ್ತಲಿಲ್ಲ.

“ಹೋಗುವವರಿಗೆ ಎಲ್ಲ ಬಾಗಿಲೂ ದೊಡ್ಡದೇ,” ಎಂದಿದ್ದಳು, ಅಷ್ಟೇ.

“ದೋಹ್ವಾ ತಿನ್ನಿ,” ಎನ್ನುತ್ತಿದ್ದಳು ಯೂಲಾನ್ ಬಂದವರಿಗೆಲ್ಲ. “ಬೀದಿಯ ಕೊನೆಯಂಗಡಿ. ದಾರಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ತಿಂದು ಬಂದು ಹೇಗಿತ್ತು ಅಂತ ಹೇಳಿ.”

ಯಾತ್ರಿಕರು ತಂಗುವುದು ಮಠದ ಛತ್ರದಲ್ಲೇ. ಸಂಜೆಗೆ ಮರಳಿ ಬರುತ್ತಿದ್ದರು.

“ಚೆನ್ನಾಗಿತ್ತಮ್ಮ.”

“ಶುಂಠಿ?”

“ಗಂಟಲು ಸುಡುವಷ್ಟಿತ್ತು.”

ಹಾಗಾದರೆ ಅಮ್ಮ ಇವತ್ತು ಯಾರ ಜೊತೆಗೋ ಜಗಳವಾಡಿದ್ದಾಳೆ, ಸಿಟ್ಟು ಬಂದರೆ ಅವಳ ಕೈಯಲ್ಲಿ ಶುಂಠಿ ಹೆಚ್ಚಾಗುತ್ತದೆ. ಯೂಲಾನ್ ಒಳಗೊಳಗೇ ನಗುತ್ತಿದ್ದಳು.

ಇನ್ನೊಬ್ಬರು ಬರುತ್ತಿದ್ದರು.

“ತೆಳ್ಳಗೆ ಹೆರೆದಿದ್ದರಾ, ದಪ್ಪಗಾ?”

“ದಪ್ಪಗೇ ಇತ್ತು.”

ಹಾಗಾದರೆ ಅಮ್ಮನ ಮಣಿಕಟ್ಟು ನೋಯುತ್ತಿದೆ. ಅಂದು ಯೂಲಾನ್‌ಗೆ ಊಟ ಸೇರುತ್ತಿರಲಿಲ್ಲ.

ಒಬ್ಬ ರೇಷ್ಮೆ ವ್ಯಾಪಾರಿ ಕೇಳಿಯೇಬಿಟ್ಟ. “ಅಲ್ಲಮ್ಮ, ನೀನು ತಿಂಡಿ ವಿಚಾರಿಸ್ತಿದ್ದೀಯೋ, ನಾಡಿ ಹಿಡಿದು ನೋಡ್ತಿದ್ದೀಯೋ?”

ಒಂದು ಬೆಳಿಗ್ಗೆ ಬೀದಿಯವರು ಬೆಟ್ಟ ಹತ್ತಿ ಬಂದರು. ಮುಂದೆ, ಇಡೀ ಬೀದಿ ಚಿಕ್ಕಮ್ಮ ಎಂದು ಕರೆಯುವ ಫಂಗ್ ಚಿಕ್ಕಮ್ಮ. ಅಕ್ಕಿಹಿಟ್ಟಿನ ಉಂಡೆಯನ್ನು ಎಳ್ಳಿನಲ್ಲಿ ಹೊರಳಿಸಿ ಕರಿದು ಮಾರುವವಳು. ಹಿಂದೆ ಸೋಯಾ ಹಾಲಿನ ಗಟ್ಟಿ ಗಿಣ್ಣಾದ ತೋಫುವನ್ನು ಹುಳಿಬರಿಸಿ ಮಾರುವ ಲೂ ಅಜ್ಜ. ಅವನ ಹಿಂದೆ ಅವನ ತೋಫುವಿನ ವಾಸನೆ.

“ಗುರುಗಳೆ, ನನ್ನ ಎಳ್ಳಿನ ಉಂಡೆಯಲ್ಲಿ ವಿಷ ಇದೆಯಾ?” ಎಂದಳು ಫಂಗ್ ಚಿಕ್ಕಮ್ಮ.

“ತಿಂದು ನೋಡಿಲ್ಲ,” ಎಂದರು ಗುರುಗಳು.

“ತಿಂದು ನೋಡೋಕೆ ಯಾರಿಗೆ ಬಿಡ್ತಾಳೆ ನಿಮ್ಮ ಈ ಪುಟ್ಟ ಸನ್ಯಾಸಿನಿ? ಬಂದವರಿಗೆಲ್ಲ ಮೂಗುದಾರ ಹಾಕಿ ಕೊನೆಯಂಗಡಿಗೆ ಅಟ್ಟುತ್ತಾಳೆ. ನನ್ನ ಬಾಣಲೆ ಮುಂದೆ ಮುಖ ತಿರುಗಿಸಿಕೊಂಡು ಹೋಗ್ತಾರೆ, ಮುನಿಸಿಕೊಂಡ ಬೀಗರ ಹಾಗೆ.”

“ನನ್ನ ತೋಫು ಬೆಟ್ಟದ ತನಕ ನಾರುತ್ತೆ,” ಎಂದ ಲೂ ಅಜ್ಜ. “ಆದರೂ ಒಬ್ಬನೂ ಹತ್ತಿರ ಬರೋಲ್ಲ.”

“ನೀನು ಸುಮ್ಮನಿರು. ನಿನ್ನ ಹತ್ತಿರ ಬರದೇ ಇರೋದಕ್ಕೆ ಬೇರೆ ಕಾರಣ ಇದೆ.”

ಗುರುಗಳು ಯೂಲಾನ್ ಕಡೆ ತಿರುಗಿದರು. “ಆ ಕೊನೆಯಂಗಡಿ ಯಾರದು?”

ಯೂಲಾನ್ ತಲೆ ತಗ್ಗಿಸಿದಳು.

ಉತ್ತರ ಹೇಳಲು ಫಂಗ್ ಚಿಕ್ಕಮ್ಮ ಬಾಯಿ ತೆರೆದಳು. ಹುಡುಗಿಯ ಮುಖ ನೋಡಿ ಮುಚ್ಚಿದಳು. ಬಾಯಿ ಎಷ್ಟೇ ದೊಡ್ಡದಿದ್ದರೂ ಅವಳಿಗೂ ಮದುವೆಯಾಗಿ ದೂರ ಹೋದ ಮಗಳಿದ್ದಳು.

“ನಾಳೆಯಿಂದ ಎಲ್ಲ ಅಂಗಡಿಗಳ ಹೆಸರನ್ನೂ ಹೇಳು,” ಎಂದರು ಗುರುಗಳು. “ಕೊನೆಯದೊಂದನ್ನು ಬಿಟ್ಟು.”

“ಎಲ್ಲಿಯವರೆಗೆ, ಗುರುಗಳೆ?”

“ಉಳಿದ ಅಂಗಡಿಗಳ ರುಚಿ ನಿನ್ನ ನಾಲಿಗೆಗೆ ಹತ್ತುವವರೆಗೆ.”

ಯೂಲಾನ್ ಹಾಗೇ ಮಾಡಿದಳು. ಮೊದಮೊದಲು ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಿದ್ದಳು. ಆದರೆ ಬೀದಿಯ ಮಗಳು, ಎಷ್ಟು ದಿನ ಒಣಒಣವಾಗಿ ಹೇಳಲು ಸಾಧ್ಯ?

“ಎಳ್ಳಿನ ಉಂಡೆ ಬಾಣಲೆಯಲ್ಲಿ ತಿರುಗುತ್ತಾ ಉಬ್ಬುವುದನ್ನು ನಿಂತು ನೋಡಿ. ಆಮೇಲೆ ಬಿಸಿಯಿರುವಾಗಲೇ ಕಚ್ಚಿ. ಆರಿದರೆ ಚಕ್ಕಳ,” ಎನ್ನುತ್ತಿದ್ದಳು. “ಈರುಳ್ಳಿ ಸೊಪ್ಪಿನ ರೊಟ್ಟಿಯವನು ಮಾತಿಗೆ ಕೂತರೆ ಸೀಯಿಸುತ್ತಾನೆ, ಅವನನ್ನು ಮಾತಾಡಿಸಬೇಡಿ,” ಎನ್ನುತ್ತಿದ್ದಳು.

ಯಾತ್ರಿಕರು ನಗುತ್ತಾ ಇಳಿಯುತ್ತಿದ್ದರು, ಸಂಜೆ ಎಣ್ಣೆ ಮೆತ್ತಿದ ತುಟಿಯಲ್ಲಿ ಬೆಟ್ಟ ಹತ್ತಿ ಬರುತ್ತಿದ್ದರು. ಎಳ್ಳಿನ ಉಂಡೆಯ ಸುದ್ದಿ ಬರುತ್ತಿತ್ತು, ತೋಫುವಿನ ಸುದ್ದಿ ಬರುತ್ತಿತ್ತು. ಬೀದಿಯ ಕೊನೆಯಿಂದ ಏನೂ ಬರುತ್ತಿರಲಿಲ್ಲ. ಅವಳು ಕೇಳುತ್ತಲೂ ಇರಲಿಲ್ಲ.

ಮರದ ಎಲೆ ಉದುರಿತು. ಚಳಿ ಬಂತು.

“ನಾಲಿಗೆಗೆ ರುಚಿ ಹತ್ತಿತೇ?” ಎಂದು ಒಂದು ದಿನ ಗುರುಗಳು ಕೇಳಿದರು.

“ಹತ್ತಿತು, ಗುರುಗಳೆ. ಎಲ್ಲದರಲ್ಲೂ ಶುಂಠಿಯ ರುಚಿ.”

ಗುರುಗಳು ಚಹಾದ ಒಲೆಗೆ ಎರಡು ಇದ್ದಿಲು ಹಾಕಿ ಒಳಗೆ ಹೋದರು.

ಮಾರನೆಯ ವಾರ, ಜಿಟಿಜಿಟಿ ಹನಿಯುತ್ತಿದ್ದ ಒಂದು ಮಧ್ಯಾಹ್ನ, ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ತಲೆಗೂ ಮುಖಕ್ಕೂ ಬಟ್ಟೆ ಸುತ್ತಿಕೊಂಡಿದ್ದಳು. ಒಂದು ಕೈ ಮಂಡಿಯ ಮೇಲೆ. ಇನ್ನೊಂದರ ಮಣಿಕಟ್ಟಿಗೆ ಪಟ್ಟಿ.

ಯೂಲಾನ್‌ಗೆ ಮುಖ ನೋಡಬೇಕಾಗಲಿಲ್ಲ. ಬಗ್ಗಿಸುತ್ತಿದ್ದ ಚಹಾ ಅರ್ಧ ಬಟ್ಟಲ ಹೊರಗೇ ಚೆಲ್ಲಿತು.

ಬಾಗಿಲ ಒಳಗೆ ಗುರುಗಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

“ನಾನು ದೂರದವಳು, ಸನ್ಯಾಸಿನಿಯಮ್ಮ,” ಎಂದಳು ಹೆಂಗಸು, ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ. “ಈ ಊರಿಗೆ ಹೊಸಬಳು. ಕೆಳಗಿನ ಬೀದಿಯಲ್ಲಿ ಏನು ತಿನ್ನಬೇಕು?”

ಯೂಲಾನ್ ಗುರುಗಳ ಕಡೆ ನೋಡಿದಳು. ಗುರುಗಳು ತಲೆಯೆತ್ತಲಿಲ್ಲ.

“ಬೀದಿಯ ಮೊದಲಲ್ಲೇ ಎಳ್ಳಿನ ಉಂಡೆ,” ಎಂದಳು ಯೂಲಾನ್.

“ಹಲ್ಲಿಗೆ ಅಂಟುತ್ತೆ. ಆಮೇಲೆ?”

“ಹಬೆಯಲ್ಲಿ ಬೇಯಿಸಿದ ಬನ್ನು. ಒಳಗೆ ಕೆಂಪು ಕಾಳಿನ ಹೂರಣ.”

“ಹೂರಣ ಹುಡುಕಬೇಕಂತೆ, ಅಷ್ಟು ಜಿಪುಣನಂತೆ ಅವನು. ಆಮೇಲೆ?”

“ಲೂ ಅಜ್ಜನ ತೋಫು. ಮೂಗು ಮುಚ್ಚಿಕೊಂಡು ಬಾಯಿ ತೆರೆಯಬೇಕು.”

“ಥೂ. ಅದು ಮನುಷ್ಯರು ತಿನ್ನೋದಾ?”

“ತಿಂದ ಮನುಷ್ಯರೇ ಇನ್ನೊಂದು ತಟ್ಟೆ ಕೇಳ್ತಾರೆ.”

ಹೆಂಗಸು ನಕ್ಕಳು. ಆ ನಗು ಕೇಳಿ ಎಷ್ಟೋ ಕಾಲವಾಗಿತ್ತು. ಯೂಲಾನ್ ಒಲೆಯ ಕಡೆ ಮುಖ ತಿರುಗಿಸಿ ಸುಮ್ಮನೆ ಬೂದಿ ಕೆದಕಿದಳು.

“ಆಮೇಲೆ?”

“ಕೆಂಪು ಹುಳಿಹಣ್ಣನ್ನು ಕಡ್ಡಿಗೆ ಪೋಣಿಸಿ ಸಕ್ಕರೆ ಪಾಕದಲ್ಲಿ ಅದ್ದಿ ಕೊಡ್ತಾರೆ. ಈಗ ಚಳಿಯಲ್ಲೇ ಚೆನ್ನ.”

“ಅಲ್ಲಿಗೆ ಬೀದಿ ಮುಗೀತಾ?”

“ಮುಗೀತು.”

“ಕೊನೆಯಲ್ಲಿ ಯಾವಳೋ ದೋಹ್ವಾ ಮಾರ್ತಾಳಂತೆ.”

“ಅದನ್ನು ಹೇಳೋಕೆ ನನಗೆ ಅಪ್ಪಣೆಯಿಲ್ಲ.”

ಹೆಂಗಸು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಮೊದಲು ಅವಳ ಅಂಗಡಿಗೆ ಬೆಟ್ಟದ ಮೇಲಿಂದ ಜನ ಬರ್ತಿದ್ದರಂತೆ. ಬಟ್ಟಲು ತಿರುಗಿಸಿ ತಿರುಗಿಸಿ ನೋಡೋ ಜನ. ಅವರನ್ನ ಅವಳು ಕೇಳ್ತಿದ್ದಳಂತೆ, ಬಾಗಿಲಲ್ಲಿ ಚಹಾ ಕೊಡೋ ಹುಡುಗಿ ಸೊರಗಿದ್ದಾಳಾ, ಕೆಮ್ಮುತ್ತಾಳಾ, ಮೇಲೆ ಬೆಚ್ಚಗಿನ ಬಟ್ಟೆ ಇದೆಯಾ ಅಂತ. ಈಗ ಯಾರೂ ಬರೋಲ್ಲ. ಹುಡುಗಿ ಇದ್ದಾಳೋ ಇಲ್ಲವೋ ಅಂತಲೂ ಅವಳಿಗೆ...”

“ಇದ್ದಾಳೆ,” ಎಂದಳು ಯೂಲಾನ್. “ಕೆಮ್ಮಿಲ್ಲ.”

“ಹೊಟ್ಟೆಗೆ ಸರಿಯಾಗಿ ತಿಂತೀಯಾ?” ಎಂದ ಹೆಂಗಸು ತಟ್ಟನೆ ತಿದ್ದಿಕೊಂಡಳು. “ತಿಂತಾಳಾ ಅವಳು?”

“ತಿಂತಾಳೆ. ಆ ಅಂಗಡಿಯವರ ಕೈ ಹೇಗಿದೆಯಂತೆ?”

“ಹಳೇ ಕಲ್ಲು, ಹಳೇ ಕೈ. ಎರಡೂ ಜೊತೆಗೇ ಸವೀತಿವೆ ಅಂತ ಹೇಳ್ತಾರೆ.”

ಚಹಾ ಮುಗಿಯಿತು. ಖಾಲಿ ಬಟ್ಟಲನ್ನು ಹೆಂಗಸು ಇನ್ನೊಂದು ಗುಟುಕು ಇದೆಯೇನೋ ಎಂಬಂತೆ ಮತ್ತೆ ಬಾಯಿಗಿಟ್ಟಳು. ಆಮೇಲೆ ಎದ್ದಳು.

“ಬರ್ತೀನಿ, ಸನ್ಯಾಸಿನಿಯಮ್ಮ.”

ಹತ್ತಿ ಬರುವಾಗಿನದಕ್ಕಿಂತ ಇಳಿಯುವಾಗ ಮಂಡಿ ಹೆಚ್ಚು ನೋಯುತ್ತದೆ. ಮೊದಲ ಮೆಟ್ಟಿಲಲ್ಲೇ ಆಕೆ ಗೋಡೆ ಹಿಡಿದು ನಿಂತಳು.

ಯೂಲಾನ್ ಒಳಗೆ ಬಂದು ಗುರುಗಳ ಮುಂದೆ ಮಂಡಿಯೂರಿದಳು.

“ಗುರುಗಳೆ, ಕಟ್ಟಳೆ ಮುರಿದೆ. ನನ್ನ ಗಂಟು ಕಟ್ಟಿಕೊಳ್ಳುತ್ತೇನೆ.”

“ಯಾಕೆ? ಊರಿಗೆ ಹೊಸಬರು ಬಂದರು, ಕೇಳಿದರು, ನೀನು ಹೇಳಿದೆ.”

“ಅವರು ಹೊಸಬರಲ್ಲ, ಗುರುಗಳೆ.”

ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು. ಗುರುಗಳು ತೆರೆದ ಬಾಗಿಲಿನಾಚೆ, ಒದ್ದೆ ಮೆಟ್ಟಿಲುಗಳ ಕಡೆ ನೋಡಿದರು.

“ನಿನ್ನ ವಯಸ್ಸಿನಲ್ಲಿ ನಾನೂ ಇದೇ ಬಾಗಿಲಲ್ಲಿ ಕೂತಿದ್ದೆ. ಅಂಥ ಹೊಸಬರು ನನ್ನನ್ನು ಕೇಳಿಕೊಂಡು ಬರಲಿಲ್ಲ. ಏಳು, ಕಲ್ಲು ಜಾರುತ್ತದೆ, ಅವರನ್ನು ಬೀದಿಯ ಕೊನೆಯವರೆಗೂ ಕೈ ಹಿಡಿದು ಬಿಟ್ಟು ಬಾ.”