ಸ್ಪೀಡೋಮೀಟರಿನ ಸೊನ್ನೆ

ಹಿಮಾಲಯವನ್ನು ಸೈಕಲ್ಲಿನಲ್ಲೇ ಹತ್ತಿದವನು ನಾನು. ಸುಳ್ಳು ಬಿಡಿ, ನಮ್ಮೂರ ಸೇತುವೆಯ ಏರಿಗೇ ಇಳಿದು ತಳ್ಳುತ್ತೇನೆ. ಈ ಕಥೆ ಮಾತ್ರ ನಿಜ.

ಮುಕುಂದಪ್ಪನವರು ತಮ್ಮ ಸೈಕಲ್ಲಿಗೆ, ಸೈಕಲ್ಲಿಗಿಂತ ದುಬಾರಿಯಾದ ಸ್ಪೀಡೋಮೀಟರು ಹಾಕಿಸಿದರು. ಯಾರಾದರೂ ಕದ್ದಾರೆಂಬ ಭಯಕ್ಕೆ ಸೈಕಲ್ಲನ್ನು ನಡುಮನೆಯಲ್ಲಿ ನಿಲ್ಲಿಸಿ, ದುಪ್ಪಟಿ ಹೊದಿಸಿ, ಪೇಟೆಗೆ ನಡೆದೇ ಹೋಗತೊಡಗಿದರು.

"ನಿಂತು ನಿಂತು ನನ್ನ ಗಾಳಿಯೇ ಇಳಿಯಿತು. ನಿನ್ನಿಂದ ಏನಯ್ಯಾ ಉಪಯೋಗ?" ಎಂದಿತು ಸೈಕಲ್ಲು.

"ನಮ್ಮ ವೇಗ ಸೊನ್ನೆ ಎಂದು ಕರಾರುವಾಕ್ಕಾಗಿ ತಿಳಿಯಿತಲ್ಲ!" ಎಂದಿತು ಮೀಟರು.

ಒಂದು ಮಧ್ಯಾಹ್ನ ಕಳ್ಳ ಬಂದು ಮೀಟರನ್ನಷ್ಟೇ ಬಿಚ್ಚಿಕೊಂಡ.

"ದೇವರಂತೆ ಬಂದಿರಿ ಸ್ವಾಮಿ," ಎಂದಿತು ಸೈಕಲ್ಲು, "ಹಾಗೇ ಒಂಚೂರು ಗಾಳಿಯನ್ನೂ ಹೊಡೆದು ಹೋಗಿ."

ಮರುದಿನ ಮುಕುಂದಪ್ಪನವರು ಅಳುತ್ತಲೇ ಪೇಟೆಗೆ ಸೈಕಲ್ ತುಳಿದರು. ಸೈಕಲ್ಲು ಹಾಡುತ್ತಿತ್ತು.

ಆ ಕಳ್ಳ ಇನ್ನೂ ಸಿಕ್ಕಿಲ್ಲವಂತೆ. ಅದಕ್ಕೇ ನಾನು ಪರ್ಸನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಟೀ ದುಡ್ಡು ನೀವೇ ಕೊಟ್ಟುಬಿಡಿ.